ಸೀಮೆಯಿಂದ ಬಂದು ಹಿತ್ತಲು ಸೇರಿದ ಗಿಡಗಳು



ರಾಗಿ ಬಿತ್ತುವಾಗ ತಳಿಯನ್ನು ಸರಿಯಾಗಿ ಆರಿಸಲಿಲ್ಲ ಎನ್ನಿ, ನಷ್ಟ ಆ ಒಂದು ವರ್ಷದ್ದು. ಮುಂದಿನ ಮುಂಗಾರಿಗೆ ಬೇರೆ ಬೀಜ ತಂದರೆ ಆಯಿತು. ಆದರೆ ಹಿತ್ತಲಲ್ಲೋ ಬದುವಿನಲ್ಲೋ ಒಂದು ಗಿಡ ನೆಟ್ಟು, ಅದು ಬೇರು ಬಿಟ್ಟಿತೆಂದರೆ ಹತ್ತು ವರ್ಷ, ಇಪ್ಪತ್ತು ವರ್ಷ, ಕೆಲವಾದರೆ ನಮ್ಮ ಮೊಮ್ಮಕ್ಕಳ ಕಾಲದವರೆಗೂ ಅಲ್ಲೇ ನಿಲ್ಲುತ್ತವೆ. ಪುಸ್ತಕದಲ್ಲಿ ಇವನ್ನು ಬಹುವಾರ್ಷಿಕ ಗಿಡಗಳು ಎನ್ನುತ್ತಾರೆ. ನಾವು ನಮ್ಮ ಮಾತಿನಲ್ಲಿ ನೆಟ್ಟರೆ ನಿಲ್ಲುವ ಗಿಡ ಅನ್ನೋಣ.

ಈಚೆಗೆ ಸಂತೆಯಲ್ಲಿ, ಜಾತ್ರೆಯಲ್ಲಿ, ಹೆದ್ದಾರಿಯ ಪಕ್ಕದ ನರ್ಸರಿಗಳಲ್ಲಿ ಹಿಂದೆ ಹೆಸರೇ ಕೇಳಿರದ ಗಿಡಗಳು ಮಾರಾಟಕ್ಕೆ ಬರುತ್ತಿವೆ. "ನೀರು ಬೇಡ, ಗೊಬ್ಬರ ಬೇಡ, ಯಾವ ಭೂಮಿಗಾದರೂ ಆಗುತ್ತೆ, ಸಾಯೋ ಮಾತೇ ಇಲ್ಲ" ಅಂತ ಮಾರುವವರು ಹೇಳುತ್ತಾರೆ. ಮಳೆ ಕೈಕೊಡುವ ನಮ್ಮಂಥ ಬಯಲುಸೀಮೆಯವರಿಗೆ ಈ ಮಾತು ಹಾಲು ಕುಡಿದಷ್ಟು ಹಿತವಾಗಿರುತ್ತದೆ. ನಾನು ಓಡಾಡುವ ಹಳ್ಳಿಗಳಲ್ಲಿ ಹೆಂಗಸರು ಸಸಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು, "ಇದನ್ನ ಇಡಬಹುದಾ ಸ್ವಾಮಿ?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಹುಡುಕಲು ಹಿಂದಿನ ಕಥೆಯನ್ನು ಸ್ವಲ್ಪ ತಿರುವಿ ನೋಡಬೇಕು. ಏಕೆಂದರೆ ಹೊಸ ಗಿಡ ನಮ್ಮ ನಾಡಿಗೆ ಬರುತ್ತಿರುವುದು ಇದೇ ಮೊದಲಲ್ಲ. ನಾನೂರು, ಐನೂರು ವರ್ಷಗಳಿಂದ ಬರುತ್ತಲೇ ಇವೆ. ಅವುಗಳಲ್ಲಿ ಕೆಲವು ನಮ್ಮ ಮಕ್ಕಳಿಗೆ ಹಣ್ಣು ಕೊಟ್ಟವು. ಕೆಲವು ನಮ್ಮ ಹೊಲವನ್ನೇ ಕಿತ್ತುಕೊಂಡವು.

ಗಿಡದ ಹೆಸರಿನಲ್ಲೇ ಅದರ ಊರು ಅಡಗಿರುವುದುಂಟು. ಪರಂಗಿ ಹಣ್ಣನ್ನೇ ತೆಗೆದುಕೊಳ್ಳಿ. ಹಡಗಿನಲ್ಲಿ ಬಂದ ಪೋರ್ಚುಗೀಸರನ್ನು ನಮ್ಮ ಹಿರಿಯರು ಫರಂಗಿಯವರು ಎಂದರು. ಅವರ ಕಾಲದಲ್ಲಿ ಬಂದ ಹಣ್ಣು ಪರಂಗಿ ಹಣ್ಣಾಯಿತು. ಅದರ ತವರು ಅಮೆರಿಕ ಖಂಡದ ನಡುಭಾಗ. ಉತ್ತರ ಕರ್ನಾಟಕದವರು ಪೇರಲ ಎನ್ನುವ ಸೀಬೆಯೂ ಅಲ್ಲಿಂದಲೇ ಬಂದದ್ದು. ಪೇರ ಎಂಬುದು ಪೋರ್ಚುಗೀಸರ ಭಾಷೆಯಲ್ಲಿ ಬೇರೊಂದು ಹಣ್ಣಿನ ಹೆಸರು. ಆಕಾರ ಹೋಲುತ್ತದೆಂದು ಅದನ್ನೇ ಇದಕ್ಕೂ ಇಟ್ಟರು. ಕರಾವಳಿಯ ಗೇರು ಬ್ರೆಜಿಲ್ ದೇಶದ ಮರ. ಇನ್ನು ನಮ್ಮ ಕಡೆ ಹೊರಗಿನಿಂದ ಬಂದ ವಸ್ತು ಯಾವುದೇ ಇರಲಿ, ಮುಂದೆ ಒಂದು 'ಸೀಮೆ' ಅಂಟಿಸಿಬಿಡುವುದು ವಾಡಿಕೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು. ಹಾಗೆಯೇ ಸೀಮೆಹುಣಸೆ, ಸೀಮೆಬದನೆ.

ಈ ಸೀಮೆಬದನೆಯ ಕಥೆ ಚೆನ್ನಾಗಿದೆ, ಕೇಳಿ. ಬೆಂಗಳೂರಿನ ಲಾಲ್‌ಬಾಗ್ ಎಂದರೆ ಈಗ ನಮಗೆ ನೆನಪಾಗುವುದು ಫಲಪುಷ್ಪ ಪ್ರದರ್ಶನ. ೧೭೬೦ರಲ್ಲಿ ಹೈದರಾಲಿ ಅದಕ್ಕೆ ಅಡಿಪಾಯ ಹಾಕಿದನು. ಮಗ ಟಿಪ್ಪು ಸುಲ್ತಾನನು ದೂರ ದೇಶಗಳಿಂದ ಬೀಜ, ಸಸಿಗಳನ್ನು ತರಿಸಿ ಬೆಳೆಸಿದನು. ಟಿಪ್ಪು ಮಡಿದ ಮರುವರ್ಷ, ಅಂದರೆ ೧೮೦೦ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ನಮ್ಮ ಸೀಮೆಯಲ್ಲೆಲ್ಲ ಸುತ್ತಿ, ಬೇಸಾಯದ ವಿವರಗಳನ್ನು ಬರೆದಿಟ್ಟನು. ಬೆಂಗಳೂರಿನ ಈ ತೋಟಗಳನ್ನೂ ಅವನು ಕಂಡಿದ್ದಾನೆ. ತೋಟವನ್ನು ಚೌಕ ಚೌಕವಾಗಿ ಭಾಗ ಮಾಡಿ, ಒಂದು ಮಡಿಯಲ್ಲಿ ಬರೀ ಗುಲಾಬಿ, ಇನ್ನೊಂದರಲ್ಲಿ ಬರೀ ದಾಳಿಂಬೆ, ಹೀಗೆ ಒಂದೊಂದು ಜಾತಿಗೂ ಒಂದೊಂದು ಜಾಗ ಕೊಟ್ಟಿದ್ದರಂತೆ. ಅಂದಕ್ಕೆ ಮಾಡಿದ್ದಿರಬಹುದು. ಆದರೆ ಗಿಡದ ಗುಣ ತಿಳಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗಂತೂ ಕಾಣದು. ಬೇರೆಯವುಗಳ ಜೊತೆ ಕಲಸದೆ ಇಟ್ಟರೆ ತಾನೇ ಯಾವುದು ಒಣಗುತ್ತದೆ, ಯಾವುದು ಪಕ್ಕದ ಮಡಿಗೆ ಕಾಲಿಡುತ್ತದೆ ಎಂದು ಗೊತ್ತಾಗುವುದು?

೧೮೫೬ರಲ್ಲಿ ಲಾಲ್‌ಬಾಗ್ ಸರ್ಕಾರದ ಸಸ್ಯತೋಟವಾಯಿತು. ೧೮೭೪ರಿಂದ ೧೯೦೮ರವರೆಗೆ ಅದರ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮರಾನ್ ಎಂಬಾತನ ಕಾಲದಲ್ಲಿ ಸೀಮೆಬದನೆ ಅಲ್ಲಿಗೆ ಬಂದು ಬೇರೂರಿತು. ಇದರ ತವರು ಮೆಕ್ಸಿಕೋ ದೇಶದ ತಂಪು ಗುಡ್ಡಗಳು. ಬೆಂಗಳೂರಿನ ಹವೆ ಅದಕ್ಕೆ ತವರಿನಂತೆಯೇ ಹಿಡಿಸಿತು. ತೋಟದಿಂದ ಸುತ್ತಲ ಹಳ್ಳಿಗಳ ಚಪ್ಪರಕ್ಕೆ ಏರಿತು. ತಮಾಷೆ ನೋಡಿ, ನಾವು ಅದನ್ನು 'ಸೀಮೆ'ಯದು ಅನ್ನುತ್ತೇವೆ. ತಮಿಳರು ಬೆಂಗಳೂರು ಕತ್ತರಿಕಾಯಿ ಅನ್ನುತ್ತಾರೆ, ತೆಲುಗರು ಬೆಂಗಳೂರು ವಂಕಾಯ ಅನ್ನುತ್ತಾರೆ. ನಮಗೆ ಪರದೇಶಿ, ನೆರೆಯವರಿಗೆ ನಮ್ಮೂರಿನ ಮಗಳು! ಹುಳಿಗೆ, ಸಾಗುವಿಗೆ, ಪಲ್ಯಕ್ಕೆ ಆಗುತ್ತದೆ. ಸಿಪ್ಪೆಯನ್ನೂ ಬಿಸಾಡದೆ ಚಟ್ನಿ ಅರೆಯುತ್ತಾರೆ.

ಸೀಮೆಬದನೆಯಲ್ಲಿ ಗಮನಿಸಬೇಕಾದ ಗುಣ ಒಂದಿದೆ. ಕಾಯಿಗೆ ಒಂದೇ ಬೀಜ. ಆ ಬೀಜ ಕಾಯಿಯ ಹೊಟ್ಟೆಯೊಳಗೇ ಮೊಳೆಯುತ್ತದೆ. ಒಣಗಿಸಿ ಪೊಟ್ಟಣ ಕಟ್ಟುವ ಹಾಗಿಲ್ಲ, ಹಕ್ಕಿ ನುಂಗಿ ಹೊತ್ತೊಯ್ಯುವ ಹಾಗೂ ಇಲ್ಲ. ಮನುಷ್ಯ ಕೈಯಾರೆ ಒಯ್ದು ನೆಟ್ಟರೆ ಮಾತ್ರ ಅದು ಇನ್ನೊಂದು ಹಿತ್ತಲಿಗೆ ಹೋಗಬೇಕು. ನೂರಕ್ಕೂ ಹೆಚ್ಚು ವರ್ಷದಿಂದ ನಮ್ಮಲ್ಲಿದ್ದರೂ ಇದು ಯಾರ ಹೊಲವನ್ನೂ ಆಕ್ರಮಿಸಲಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಕಥೆ ಕೇಳಿ.

ಪಾಪಾಸುಕಳ್ಳಿಯನ್ನು ಎಲ್ಲರೂ ಬಲ್ಲಿರಿ. ಅದು ನಮ್ಮ ನಾಡಿನ ಗಿಡವೇ ಅಲ್ಲ ಎಂದರೆ ಎಷ್ಟೋ ಜನ ನಂಬುವುದಿಲ್ಲ. ಅಮೆರಿಕ ಖಂಡದ ಆ ಗಿಡದ ಮೇಲೆ ಒಂದು ಪುಟ್ಟ ಹುಳ ಬದುಕುತ್ತದೆ, ಅದನ್ನು ಒಣಗಿಸಿ ಅರೆದರೆ ಬಟ್ಟೆಗೆ ಹಾಕುವ ಗಾಢ ಕೆಂಪು ಬಣ್ಣ ಸಿಗುತ್ತದೆ. ಆ ವ್ಯಾಪಾರವೆಲ್ಲ ಸ್ಪೇನ್ ದೇಶದವರ ಕೈಯಲ್ಲಿತ್ತು. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಗೆ ಆ ಲಾಭದ ಮೇಲೆ ಕಣ್ಣು. ಮದರಾಸಿನ ಸೈದಾಪೇಟೆಯಲ್ಲಿ ಜೇಮ್ಸ್ ಆಂಡರ್ಸನ್ ಎಂಬ ವೈದ್ಯನು ಈ ಹುಳಕ್ಕೆಂದೇ ಕಳ್ಳಿಯ ತೋಟ ಹಾಕಿದನು. ೧೭೯೫ರಲ್ಲಿ ನೀಲ್ಸನ್ ಎಂಬ ಕ್ಯಾಪ್ಟನ್ನನು ಬ್ರೆಜಿಲ್ ದೇಶದಿಂದ ಹುಳವನ್ನು ಕಲ್ಕತ್ತೆಗೆ ತಂದೂ ಬಿಟ್ಟನು. ಆದರೆ ತಂದದ್ದು ಬಣ್ಣದ ಹುಳವಲ್ಲ, ಅದರ ಕಾಡು ದಾಯಾದಿ. ಬಣ್ಣ ಸರಿಬರಲಿಲ್ಲ, ಕಂಪನಿಯ ಲೆಕ್ಕ ಕೆಟ್ಟಿತು.

ಹುಳ ಮಾತ್ರ ಕೆಲಸ ಮಾಡಿತು. ಬಣ್ಣ ಕೊಡುವ ಕೆಲಸವಲ್ಲ, ಕಳ್ಳಿಯನ್ನು ತಿಂದು ಮುಗಿಸುವ ಕೆಲಸ! ಅಷ್ಟು ಹೊತ್ತಿಗೆ ಕಳ್ಳಿಯು ಬೇಲಿ ದಾಟಿ ಹೊಲ, ಗೋಮಾಳಗಳಲ್ಲಿ ಹರಡಿ ಪೀಡೆಯಾಗಿತ್ತು. ಒಂದು ಮುರಿದ ಹಾಳೆ ನೆಲಕ್ಕೆ ಬಿದ್ದರೂ ಬೇರು ಬಿಡುವ ಗಿಡ ಅದು. ಕಡಿದವನೇ ಹರಡಿದಂತೆ. ೧೮೩೬ರಿಂದ ೧೮೩೮ರ ನಡುವೆ ಆ ಹುಳವನ್ನು ದಕ್ಷಿಣಕ್ಕೆ ತಂದು, ಬೇಕೆಂದೇ ಕಳ್ಳಿಯ ಮೇಲೆ ಬಿಟ್ಟರು. ಆ ಜಾತಿಯ ಕಳ್ಳಿ ಬಹುಮಟ್ಟಿಗೆ ಅಡಗಿತು. ಕಳೆಯ ಮೇಲೆ ಹುಳ ಬಿಟ್ಟು ಹತೋಟಿ ಮಾಡಿದ್ದು ಪ್ರಪಂಚದಲ್ಲಿ ಇದೇ ಮೊದಲು ಎಂದು ಶಾಸ್ತ್ರಜ್ಞರು ಲೆಕ್ಕ ಹಿಡಿಯುತ್ತಾರೆ. ಅಷ್ಟಕ್ಕೇ ಮುಗಿಯಲಿಲ್ಲ. ಪಾಪಾಸುಕಳ್ಳಿಯಲ್ಲೇ ಬೇರೊಂದು ಜಾತಿ ಇತ್ತು. ಮೊದಲ ಹುಳ ಅದನ್ನು ಮೂಸಿಯೂ ನೋಡಲಿಲ್ಲ. ಅದು ಒಣ ಸೀಮೆಗಳಲ್ಲೆಲ್ಲ ಹಬ್ಬಿ, ಕೊನೆಗೆ ೧೯೨೬ರಲ್ಲಿ ಸಿಂಹಳದಿಂದ ಇನ್ನೊಂದು ಜಾತಿಯ ಹುಳವನ್ನು ತರಿಸಬೇಕಾಯಿತು. ಕೆಲವೇ ವರ್ಷಗಳಲ್ಲಿ ಅಪಾರ ಭೂಮಿ ಬಿಡುಗಡೆಯಾಯಿತು. ಈಗ ಮೇವಿಗೆಂದು ಮುಳ್ಳಿಲ್ಲದ ಕಳ್ಳಿಯನ್ನು ಬೆಳೆಸುವ ಪ್ರಯತ್ನ ನಡೆದಿದೆ. ಅದು ಬೇರೆ ಮಾತು, ಬೇರೆ ದಿನ ಹೇಳುತ್ತೇನೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ತನ್ನ ತವರಿನಲ್ಲಿ ಯಾವ ಗಿಡಕ್ಕಾದರೂ ಶತ್ರುಗಳಿರುತ್ತಾರೆ. ಎಲೆ ತಿನ್ನುವ ಹುಳ, ಬೀಜ ಕೊರೆಯುವ ಕೀಟ, ಬೇರಿಗೆ ಬೀಳುವ ರೋಗ, ಹೀಗೆ. ಸಮುದ್ರ ದಾಟಿ ಬರುವಾಗ ಗಿಡ ಒಂಟಿಯಾಗಿ ಬರುತ್ತದೆ, ಶತ್ರುಗಳು ಅಲ್ಲೇ ಉಳಿಯುತ್ತವೆ. ಆದ್ದರಿಂದ ಹೊಸ ನೆಲದಲ್ಲಿ ಅದು ತವರಿಗಿಂತ ಸೊಕ್ಕಿ ಬೆಳೆಯಬಹುದು. ನಾವು ಆಗ "ಆಹಾ, ಎಷ್ಟು ಗಟ್ಟಿ ಗಿಡ" ಎನ್ನುತ್ತೇವೆ.

ಲಂಟಾನ ಹೀಗೆ ಬಂದದ್ದು. ಇದನ್ನು ಯಾರೂ ಕಳೆಯೆಂದು ತರಲಿಲ್ಲ. ೧೯ನೇ ಶತಮಾನದ ಮೊದಲ ದಶಕದಲ್ಲಿ ಕಲ್ಕತ್ತೆಯ ಸಸ್ಯತೋಟಕ್ಕೆ ಹೂವಿನ ಗಿಡವೆಂದು, ಬೇಲಿಗೆ ಚೆಂದವೆಂದು ತಂದರು. ಹಳದಿ, ಕೇಸರಿ, ಗುಲಾಬಿ ಬಣ್ಣಗಳ ಗೊಂಚಲು ಹೂ, ವರ್ಷವಿಡೀ ಹಸಿರು. ನೀರು ಬೇಡ, ಗೊಬ್ಬರ ಬೇಡ. ಆದರೆ ಹೂ ಉದುರಿದ ಮೇಲೆ ಕರೀ ಹಣ್ಣು ಬಿಡುತ್ತದೆ. ಪಿಕಳಾರ, ಗೊರವಂಕ ಅದನ್ನು ತಿಂದು ಬೀಜವನ್ನು ಕಂಡಕಂಡಲ್ಲಿ ಹಾಕುತ್ತವೆ. ಇಂದು ಬಂಡೀಪುರದ ಕಾಡಿನಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ, ಮಲೆ ಮಹದೇಶ್ವರನ ಬೆಟ್ಟದಲ್ಲಿ ಎಷ್ಟು ದೂರ ನೋಡಿದರೂ ಅದೇ. ಅದರ ಕೆಳಗೆ ಹುಲ್ಲು ಹುಟ್ಟುವುದಿಲ್ಲ. ಮಹದೇಶ್ವರನ ಬೆಟ್ಟದ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ, ಮೇಜು ಹೆಣೆಯುವುದನ್ನು ಕಲಿತು ಸ್ವಲ್ಪ ಕಾಸು ಕಾಣುತ್ತಿದ್ದಾರೆ. ಅವರ ಜಾಣತನ ಮೆಚ್ಚಬೇಕಾದ್ದೇ. ಹಾಗೆಂದು ಗಿಡ ಕಡಿಮೆಯಾಗಿಲ್ಲ.

ದನ ಸಾಕುವವರಿಗೆ ಒಂದು ಎಚ್ಚರಿಕೆ. ಲಂಟಾನದ ಎಲೆಯಲ್ಲಿ ವಿಷವಿದೆ. ಹೊಟ್ಟೆ ತುಂಬಿದ ದನ ಅದನ್ನು ಮುಟ್ಟುವುದಿಲ್ಲ. ಬರಗಾಲದಲ್ಲಿ ಹುಲ್ಲಿಲ್ಲದಾಗ, ಹೊಸ ಜಾಗಕ್ಕೆ ಹೊಡೆದುಕೊಂಡು ಹೋದಾಗ ಹಸಿದು ತಿಂದುಬಿಡುತ್ತದೆ. ಆಗ ಯಕೃತ್ತು ಕೆಟ್ಟು ಕಾಮಾಲೆಯಾಗುತ್ತದೆ, ಸಗಣಿ ಕಟ್ಟುತ್ತದೆ, ಬಿಸಿಲಿಗೆ ಮೈಚರ್ಮ ಬಿರಿದು ಹುಣ್ಣಾಗುತ್ತದೆ. ಈ ಲಕ್ಷಣ ಕಂಡರೆ ದನವನ್ನು ನೆರಳಿನಲ್ಲಿ ಕಟ್ಟಿ, ಅಂದೇ ಪಶುವೈದ್ಯರನ್ನು ಕರೆಸಿರಿ. ನಾಳೆ ನೋಡೋಣ ಎನ್ನಬೇಡಿ.

ಬಳ್ಳಾರಿ ಜಾಲಿಯ ವಿಷಯ ಹೆಚ್ಚು ಹೇಳಬೇಕಾಗಿಲ್ಲ, ನಿಮ್ಮ ಕೆರೆಯಂಗಳಕ್ಕೆ ಹೋಗಿ ನೋಡಿದರೆ ಸಾಕು. ಹೆಸರು ಬಳ್ಳಾರಿಯದಾದರೂ ಅದು ಅಮೆರಿಕ ಖಂಡದ ಗಿಡ. ಸೌದೆಗೆ ಆಗಲೆಂದು ೧೮೭೭ರಲ್ಲಿ ಜಮೈಕಾ ದ್ವೀಪದ ಬೀಜವನ್ನು ಕಡಪ ಸೀಮೆಗೆ ತರಿಸಿ ಬಿತ್ತಿದರು. ಸೌದೆ ಕೊಟ್ಟಿತು, ಸುಳ್ಳಲ್ಲ. ಎಷ್ಟೋ ಬಡವರ ಒಲೆ ಅದರಿಂದಲೇ ಉರಿದಿದೆ. ಅದನ್ನು ಬೈಯುವಾಗ ಈ ಋಣವನ್ನೂ ನೆನೆಯಬೇಕು. ಆದರೆ ಸಿಹಿಯಾದ ಅದರ ಕಾಯನ್ನು ಆಡು, ದನ ತಿನ್ನುತ್ತವೆ. ಬೀಜ ಜೀರ್ಣವಾಗದೆ ಸಗಣಿ, ಹಿಕ್ಕೆಯ ಜೊತೆ ಬಿದ್ದು, ಗೊಬ್ಬರ ಸಮೇತ ಮೊಳೆಯುತ್ತದೆ. ಎಲೆಯನ್ನಾದರೋ ಆಡು ಸಹ ಇಷ್ಟಪಡುವುದಿಲ್ಲ. ಬೀಜ ಹೊರುವುದಕ್ಕೆ ಆಡು ಬೇಕು, ಎಳೆಯ ಸಸಿ ಮೇಯುವುದಕ್ಕೆ ಆಡು ಒಲ್ಲದು. ಇಂಥ ಗಿಡ ಹರಡದೆ ಇನ್ನೇನು ಮಾಡೀತು?

ಇದಕ್ಕೆ ಎದುರಾಗಿ ಸೀಮೆಹುಣಸೆಯನ್ನು ನೋಡಿ. ಇದೂ ಮೆಕ್ಸಿಕೋ ಕಡೆಯದೇ, ಫಿಲಿಪೈನ್ಸ್ ದ್ವೀಪಗಳನ್ನು ಹಾಯ್ದು ಬಂದದ್ದು. ೧೭೯೫ರ ಹೊತ್ತಿಗಾಗಲೇ ರಾಕ್ಸ್‌ಬರ್ಗ್ ಎಂಬ ಸಸ್ಯಶಾಸ್ತ್ರಜ್ಞನು ನಮ್ಮ ಪೂರ್ವ ಕರಾವಳಿಯಲ್ಲಿ ಇದನ್ನು ಕಂಡು ಚಿತ್ರಸಹಿತ ವರ್ಣಿಸಿದ್ದಾನೆ. ಮುಳ್ಳಿದೆ, ಬರ ತಡೆಯುತ್ತದೆ, ಗಿಳಿ ಗೊರವಂಕಗಳು ಬೀಜವನ್ನೂ ಹೊರುತ್ತವೆ. ಆದರೂ ಜಾಲಿಯಂತೆ ನಮ್ಮ ಮೇಲೆ ಏರಿಬರಲಿಲ್ಲ. ಎಲೆ ಆಡುಗಳಿಗೆ ಪ್ರಿಯ, ತಾನಾಗಿ ಹುಟ್ಟಿದ ಸಸಿಯನ್ನು ಅವು ಚಿಗುರಿನಲ್ಲೇ ಮುಗಿಸುತ್ತವೆ. ಸುರುಳಿ ಕಾಯೊಳಗಿನ ಬಿಳಿ ತಿರುಳು ಮಕ್ಕಳಿಗೆ ಪ್ರಿಯ. ವರ್ಷಕ್ಕೊಮ್ಮೆ ಸವರಿ ತಗ್ಗಿಸಿದರೆ ಕೋಳಿಯೂ ನುಸುಳದಂಥ ಬೇಲಿ.

ಸೀತಾಫಲವೂ ಕಡಲಾಚೆಯದು, ಹೆಸರು ಮಾತ್ರ ಸೀತಮ್ಮನದು. ಇದರ ಗಟ್ಟಿತನದ ಗುಟ್ಟು ಬೇಸಿಗೆಯಲ್ಲಿದೆ. ನೀರು ಕಡಿಮೆಯಾದಾಗ ಎಲೆಯನ್ನೆಲ್ಲ ಉದುರಿಸಿ, ಸತ್ತಂತೆ ನಿಂತು, ಮೊದಲ ಮಳೆಗೆ ಚಿಗುರುತ್ತದೆ. ಆಡು ಮುಟ್ಟುವುದಿಲ್ಲ, ಆದ್ದರಿಂದ ಬೇಲಿಯಿಲ್ಲದ ಬದುವಿಗೂ ಸರಿ. ಕಲ್ಲುಗುಡ್ಡಗಳಲ್ಲಿ ತಾನಾಗಿ ಬೆಳೆದದ್ದುಂಟು. ಅಲ್ಲಿಯೂ ಅದು ಯಾರಿಗೆ ಮುಳುವಾಯಿತು? ಹಣ್ಣು ಆಯ್ದು ಸಂತೆಗೆ ಹೊರುವವರಿಗೆ ನಾಲ್ಕು ಕಾಸಾಯಿತು. ಬೀಜದ ಪುಡಿಯನ್ನು ಹೇನಿಗೆಂದು ತಲೆಗೆ ಹಚ್ಚುವ ಪದ್ಧತಿ ಕೆಲವೆಡೆ ಇದೆ. ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ, ಮಕ್ಕಳಿಗಂತೂ ಬೇಡವೇ ಬೇಡ.

ಆದ್ದರಿಂದ ಹೊಸ ಗಿಡ ಮಾರುವವನನ್ನು "ಇದು ಸಾಯೋದಿಲ್ಲ ತಾನೆ?" ಎಂದಷ್ಟೇ ಕೇಳಿದರೆ ಸಾಲದು. ಲಂಟಾನವೂ ಸಾಯುವುದಿಲ್ಲ. "ಇದರ ಬೀಜ ಯಾರು ಹೊರುತ್ತಾರೆ? ಎಳೆ ಸಸಿಯನ್ನು ಯಾವ ಪ್ರಾಣಿ ತಿನ್ನುತ್ತೆ? ಕಡಿದರೆ ಬೇರಿನಿಂದ ಎಷ್ಟು ಕಡೆ ಏಳುತ್ತೆ?" ಎಂದು ಕೇಳಿ. ಅವನಿಗೆ ಗೊತ್ತಿಲ್ಲದಿದ್ದರೆ ಆ ಗಿಡ ಮೂರು ಬೇಸಿಗೆ ಕಳೆದಿರುವ ಹಿತ್ತಲು ಎಲ್ಲಿದೆಯೆಂದು ವಿಚಾರಿಸಿ, ಹೋಗಿ ನೋಡಿ ಬನ್ನಿ. ಅಂಥ ಹಿತ್ತಲು ಎಲ್ಲೂ ಇಲ್ಲವೆಂದರೆ, ಟಿಪ್ಪುವಿನ ತೋಟದಂತೆ ಒಂದು ಮೂಲೆಯಲ್ಲಿ ಒಂಟಿಯಾಗಿ ಒಂದೇ ಗಿಡ ಇಟ್ಟು ಎರಡು ಮೂರು ವರ್ಷ ಕಾಯಿರಿ. ನೆಟ್ಟ ಜಾಗದಿಂದ ಹತ್ತು ಮಾರು ಆಚೆ ಅದರ ಮರಿ ಕಂಡರೆ ತಾಯಿಗಿಡವನ್ನು ಬೇರುಸಹಿತ ತೆಗೆಯಲು ಅನುಮಾನಿಸಬೇಡಿ.

'ಯಾವ ಭೂಮಿಗಾದರೂ ಆಗುತ್ತೆ' ಎಂಬ ಮಾತನ್ನಂತೂ ನಂಬಲೇಬೇಡಿ. ಕರಾವಳಿಯಲ್ಲಿ ಜೀಗುಜ್ಜೆ ಎನ್ನುವ ದೀವಿಹಲಸು ಶಾಂತಸಾಗರದ ದ್ವೀಪಗಳಿಂದ ಬಂದ ಮರ. ಮಂಗಳೂರು ಕಡೆ ಯಾರೂ ಆರೈಕೆ ಮಾಡದಿದ್ದರೂ ಸೊಂಪಾಗಿರುತ್ತದೆ. ಅದೇ ಸಸಿಯನ್ನು ಚಳ್ಳಕೆರೆಗೆ ತಂದು ನೆಟ್ಟರೆ ಆ ಒಣಗಾಳಿಗೆ ಒಂದು ಬೇಸಿಗೆ ತಾಳುವುದೂ ಕಷ್ಟ. ಗಟ್ಟಿ ಎನ್ನುವುದು ಗಿಡ ಮತ್ತು ನೆಲ ಎರಡೂ ಸೇರಿ ಆಗುವ ಗುಣ. ನೀರು ಬೇಡವೆನ್ನುವುದೂ ಅರ್ಧ ಸತ್ಯವೇ. ಸೀತಾಫಲಕ್ಕೂ ಮೊದಲ ಎರಡು ಬೇಸಿಗೆ ನೀರು ಬೇಕು. ತಳದಲ್ಲಿ ಸಣ್ಣ ತೂತಿರುವ ಹಳೆಯ ಮಡಕೆಯನ್ನು ಬುಡದ ಪಕ್ಕ ಹೂತು, ತೂತಿಗೆ ಬತ್ತಿ ತುರುಕಿ, ವಾರಕ್ಕೆರಡು ಸಲ ತುಂಬಿಸಿದರೆ ಸಾಕಾಗುತ್ತದೆ.

ಒಳ್ಳೆಯ ಗಿಡವನ್ನೂ ಅಳತೆ ಮೀರಿ ಬಳಸಬಾರದು ಎಂಬುದಕ್ಕೆ ಚಕ್ರಮುನಿ ಸೊಪ್ಪು ಸಾಕ್ಷಿ. ಹೆಸರು ಕೇಳಿದರೆ ಯಾವುದೋ ಋಷಿಯ ಆಶ್ರಮದಿಂದ ಬಂದಂತಿದೆ. ಇದು ಮಲಯ ನಾಡುಗಳ ಗಿಡ, ಅಲ್ಲಿ ಇದಕ್ಕೆ ಚೆಕುರ್ ಮಾನಿಸ್ ಎಂಬ ಹೆಸರಿದೆ. ಕೇರಳದವರು ಚೆಕ್ಕುರ್ಮಾನಿಸ್ ಎನ್ನುತ್ತಾರೆ. ಅದೇ ನಮ್ಮ ಬಾಯಲ್ಲಿ ಚಕ್ರಮುನಿ ಆದಂತೆ ತೋರುತ್ತದೆ. ಕಡ್ಡಿ ನೆಟ್ಟರೆ ಬರುತ್ತದೆ, ನೆರಳಿನಲ್ಲೂ ಚಿಗುರುತ್ತದೆ, ವರ್ಷಗಟ್ಟಲೆ ಸೊಪ್ಪು ಕೊಡುತ್ತದೆ. ಬೇಯಿಸಿ, ಇತರ ಸೊಪ್ಪಿನ ಜೊತೆ ಆಗೀಗ ತಿನ್ನಲು ಅಡ್ಡಿಯಿಲ್ಲ. ಆದರೆ ತೈವಾನ್ ದೇಶದಲ್ಲಿ ೧೯೯೪-೯೫ರ ಸುಮಾರಿಗೆ, ಮೈ ಕರಗುತ್ತದೆಂಬ ಆಸೆಗೆ ಜನ ಇದರ ಹಸಿರಸವನ್ನು ದಿನವೂ ಕುಡಿದರು. ಹಲವರ ಶ್ವಾಸಕೋಶ ಸರಿಪಡಿಸಲಾಗದಂತೆ ಕೆಟ್ಟು, ಕೆಲವರು ಪ್ರಾಣ ಕಳೆದುಕೊಂಡರು. ಹಸಿರಸದ ಮಾತು ಯಾರಾದರೂ ಆಡಿದರೆ ಇದನ್ನು ಹೇಳಿರಿ.

ಲಾಲ್‌ಬಾಗಿಗೆ ಕ್ಯಾಮರಾನ್ ನಂತರ ೧೯೦೮ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್, ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಮರ ಹೂ ಮುಗಿಸುವಾಗ ಇನ್ನೊಂದು ಹೂ ಬಿಡುವಂತೆ ಆರಿಸಿ ನೆಡಿಸಿದನು. ಅದು ಕಣ್ಣಿನ ಹಬ್ಬಕ್ಕೆ. ನಾವು ಅದೇ ಉಪಾಯವನ್ನು ಹೊಟ್ಟೆಗೆ ಬಳಸಿಕೊಳ್ಳಬಾರದೇಕೆ? ಚಳಿ ಕಳೆಯುತ್ತಲೇ ನುಗ್ಗೆ, ಯುಗಾದಿಯ ಆಸುಪಾಸಿಗೆ ಸೀಮೆಹುಣಸೆ, ಗಣೇಶನ ಹಬ್ಬದಿಂದ ದೀಪಾವಳಿಯವರೆಗೆ ಸೀತಾಫಲ, ಆಮೇಲೆ ಬೆಟ್ಟದ ನೆಲ್ಲಿ. ಬಚ್ಚಲ ನೀರು ಹರಿಯುವಲ್ಲಿ ಪರಂಗಿ, ಬಸಳೆ, ಒಂದು ಅಗಸೆ. ಇವುಗಳಲ್ಲಿ ನುಗ್ಗೆ, ನೆಲ್ಲಿಯಂಥವು ಈ ನಾಡಿನವೇ. ಹೊಸತರ ಆಸೆಯಲ್ಲಿ ಅವನ್ನು ಮರೆಯುವುದು ಬೇಡ. ತರಕಾರಿಯ ಬೆಲೆ ಏರಿದ ತಿಂಗಳಲ್ಲಿ ಸಾರಿಗೆ ಹಾಕಲು ಹಿತ್ತಲಲ್ಲಿ ಏನಾದರೊಂದು ಸಿಗುವ ಮನೆಗೂ ಸಿಗದ ಮನೆಗೂ ವ್ಯತ್ಯಾಸ ಅಡಿಗೆ ಮಾಡುವ ತಾಯಂದಿರಿಗೇ ಗೊತ್ತು.

ತಂಪು ಹವೆಯ ಬೆಂಗಳೂರು, ಕೋಲಾರ ಕಡೆಯವರು ಈ ಮುಂಗಾರಿಗೆ ಒಂದು ಸೀಮೆಬದನೆ ಹಚ್ಚುವುದಾದರೆ, ಬಲಿತ ಕಾಯನ್ನು ಮನೆಯ ಮೂಲೆಯಲ್ಲಿ ನೆರಳಿಗಿಡಿ. ದಪ್ಪ ತುದಿಯಿಂದ ಮೊಳಕೆ ಇಣುಕುತ್ತದೆ. ಒಂದು ಗೇಣು ಮೊಳಕೆಯಾದಾಗ, ಮೊಳವುದ್ದ ಅಗಲ ಆಳದ ಗುಂಡಿಗೆ ಹಳೆ ಗೊಬ್ಬರ ತುಂಬಿ, ಕಾಯನ್ನು ಓರೆಯಾಗಿ ಮಲಗಿಸಿ, ಮೊಳಕೆ ಮೇಲಿರುವಂತೆ ಅರ್ಧದಷ್ಟು ಮಣ್ಣು ಮುಚ್ಚಿ. ಕಾಯಿ ಒಡೆಯಬೇಡಿ, ಬೀಜ ಬಿಡಿಸಲು ಹೋಗಬೇಡಿ. ಚಪ್ಪರದ ಕಂಬಕ್ಕೆ ಗೊಬ್ಬರದ ಗಿಡದ ಹಸಿ ಕೊಂಬೆಯನ್ನೇ ಹೂಳಿದರೆ ಕಂಬವೂ ಚಿಗುರುತ್ತದೆ. ಮೇಲೆ ನೆರಳು ಜಾಸ್ತಿಯಾದಾಗ ಸವರಿದ ಸೊಪ್ಪು ಅದೇ ಗುಂಡಿಗೆ ಗೊಬ್ಬರವಾಗುತ್ತದೆ.